ಕೇಳಿಸದ ಹಾಡು: ಮೂಕಚಿತ್ರ, ಜನ್ನನ ಮಾವುತ ಮತ್ತು ಐಹೊಳೆಯ ಕಲ್ಲು

ಐಹೊಳೆಯ ರಾವಣಫಡಿ ಗುಹಾಲಯದ ಪಕ್ಕದ ಕೋಣೆಯಲ್ಲಿ ಹತ್ತು ತೋಳಿನ ಶಿವ ನರ್ತಿಸುತ್ತಿದ್ದಾನೆ. ಅವನ ಸುತ್ತ ಸಪ್ತಮಾತೃಕೆಯರಿದ್ದಾರೆ. ಎತ್ತರದ ಕಿರೀಟ, ನೆರಿಗೆ ನೆರಿಗೆಯಾಗಿ ಇಳಿಬಿದ್ದ ಉಡುಗೆ, ಸೊಂಟದಲ್ಲಿ ಒಂದೇ ಬಗೆಯ ಬಾಗು. ಈ ಕೋಣೆಯಲ್ಲಿ ನಿಂತವನಿಗೆ ವಾದ್ಯಗಾರನನ್ನು ಹುಡುಕುವ ಅಗತ್ಯ ಬೀಳುವುದಿಲ್ಲ. ತಾಳ ಎಲ್ಲಿದೆ ಎಂಬುದು ಮಾತೃಕೆಯರ ಮೈಯಿಂದಲೇ ತಿಳಿಯುತ್ತದೆ. ಬಾದಾಮಿಯ ಮೊದಲನೆಯ ಗುಹೆಯ ಹದಿನೆಂಟು ತೋಳಿನ ನಟರಾಜನ ಬಳಿ ಮದ್ದಳೆ ಬಾರಿಸುವವನೊಬ್ಬನನ್ನು ಶಿಲ್ಪಿ ಕಡೆದಿದ್ದಾನೆ. ಅಲ್ಲಿ ನಾದಕ್ಕೆ ಒಂದು ಮೂಲವಿದೆ. ಐಹೊಳೆಯಲ್ಲಿ ಅದರ ಪರಿಣಾಮವೇ ಎದ್ದು ಕಾಣುತ್ತದೆ. ಸದ್ದಿಲ್ಲದ ಮಾಧ್ಯಮವೊಂದು ಸಂಗೀತವನ್ನು ಹೇಳಹೊರಟಾಗ ಅದಕ್ಕೆ ಉಳಿಯುವ ದಾರಿ ಹೆಚ್ಚುಕಡಿಮೆ ಇದೊಂದೇ. ಕೇಳುವವರನ್ನು ತೋರಿಸಬೇಕು.

ಈ ಕಷ್ಟ ಸಾವಿರದ ಇನ್ನೂರು, ಮುನ್ನೂರು ವರ್ಷಗಳ ಬಳಿಕ ಬೇರೊಂದು ಖಂಡದಲ್ಲಿ ಬೇರೊಂದು ಕಲೆಗೆ ಎದುರಾಯಿತು. 1909ರ ಮಾರ್ಚಿಯಲ್ಲಿ ಅಮೆರಿಕದ ಬಯಾಗ್ರಾಫ್ ಸಂಸ್ಥೆ ‘ದಿ ವಾಯ್ಸ್ ಆಫ್ ದ ವಯಲಿನ್’ ಎಂಬ ಒಂದು ರೀಲಿನ ಮೂಕಚಿತ್ರವನ್ನು ಬಿಡುಗಡೆ ಮಾಡಿತು. ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್. ನೋಡಿ ಮುಗಿಸಲು ಸುಮಾರು ಕಾಲು ಗಂಟೆ ಸಾಕು. ಜರ್ಮನ್ ಮೂಲದ ಬಡ ವಯಲಿನ್ ಮೇಷ್ಟ್ರೊಬ್ಬ ತನ್ನ ಸಿರಿವಂತ ಶಿಷ್ಯೆಯನ್ನು ಪ್ರೀತಿಸುತ್ತಾನೆ. ಅಂತಸ್ತಿನ ಕಾರಣಕ್ಕೆ ತಿರಸ್ಕೃತನಾಗಿ, ಆ ಕಹಿಯಲ್ಲಿ ಅರಾಜಕತಾವಾದಿಗಳ ಗುಪ್ತಕೂಟವನ್ನು ಸೇರುತ್ತಾನೆ. ಬಂಡವಾಳಗಾರನೊಬ್ಬನ ಮನೆಗೆ ಬಾಂಬಿಡುವ ಕೆಲಸ ಅವನ ಪಾಲಿಗೆ ಬರುತ್ತದೆ. ಮನೆಯ ಕೆಳಗೆ ಬಾಂಬು ಸಿದ್ಧವಾಗುತ್ತಿರುವಾಗ ಮೇಲಿನಿಂದ ವಯಲಿನ್ನಿನ ನಾದ ಕೇಳಿಬರುತ್ತದೆ. ನುಡಿಸುತ್ತಿರುವವಳು ಅವನ ಶಿಷ್ಯೆ, ಮನೆ ಅವಳದು. ಅವನು ಜೊತೆಗಾರನೊಡನೆ ಸೆಣಸಿ ಬಾಂಬು ಸಿಡಿಯದಂತೆ ತಡೆಯುತ್ತಾನೆ.

ಚಿತ್ರದ ಹೆಸರಲ್ಲಿ ‘ದನಿ’ ಇದೆ, ಚಿತ್ರದಲ್ಲಿ ದನಿಯಿಲ್ಲ. ಪರದೆಯ ಮೇಲೆ ಕಾಣುವುದು ವಯಲಿನ್ನಿನ ತಂತಿಯ ಮೇಲೆ ಓಡಾಡುವ ಕಮಾನು, ಆಮೇಲೆ ಇನ್ನೊಂದು ಕೋಣೆಯಲ್ಲಿ ತಟಕ್ಕನೆ ನಿಂತ ಒಬ್ಬ ಮನುಷ್ಯ. ಎರಡು ಚಿತ್ರಗಳ ನಡುವೆ ಹಾಡನ್ನು ಹರಿಯಗೊಡುವವನು ಪ್ರೇಕ್ಷಕನೇ. ಆ ಕಾಲದ ಚಿತ್ರಮಂದಿರಗಳಲ್ಲಿ ಪಿಯಾನೋ ನುಡಿಸುವವರು ಇರುತ್ತಿದ್ದರು, ನಮ್ಮಲ್ಲಿ ಹಾರ್ಮೋನಿಯಂ, ತಬಲಾ. ಅವರು ನುಡಿಸಿದ್ದು ಊರಿಂದೂರಿಗೆ ಬೇರೆಯಾಗುತ್ತಿತ್ತು, ಮೇಷ್ಟ್ರ ಮುಖದ ಮೇಲಿನ ಬದಲಾವಣೆ ಮಾತ್ರ ಎಲ್ಲೆಡೆ ಒಂದೇ. ಇನ್ನೂ ಒಂದು ಮಾತಿದೆ. ಬಾಂಬನ್ನು ತಡೆದದ್ದು ನಿಜವಾಗಿ ಸಂಗೀತವೇ? ಅದೇ ರಾಗವನ್ನು ಅಪರಿಚಿತಳೊಬ್ಬಳು ನುಡಿಸಿದ್ದರೆ ಮೇಷ್ಟ್ರು ತಿರುಗಿ ನೋಡುತ್ತಿದ್ದನೆ? ನಾದ ಅವನನ್ನು ಸದ್ಗುಣಿಯನ್ನಾಗಿ ಮಾಡಲಿಲ್ಲ, ಅವನೊಳಗೆ ಮೊದಲೇ ಇದ್ದ ನೆನಪೊಂದನ್ನು ಎಬ್ಬಿಸಿತು. ಚಿತ್ರ ಹೇಳಹೊರಟದ್ದು ಸಂಗೀತದ ಮಹಿಮೆಯನ್ನು, ತೋರಿಸಿದ್ದು ಕೇಳುಗನ ಪೂರ್ವಕಥೆಯನ್ನು.

ಅದೇ ವರ್ಷದ ಅಕ್ಟೋಬರಿನಲ್ಲಿ ಗ್ರಿಫಿತ್ ಮತ್ತೆ ಅದೇ ವಸ್ತುವಿಗೆ ಮರಳಿದ. ರಾಬರ್ಟ್ ಬ್ರೌನಿಂಗ್ 1841ರಲ್ಲಿ ಪ್ರಕಟಿಸಿದ ನಾಟಕಕಾವ್ಯ ‘ಪಿಪ್ಪಾ ಪಾಸಸ್’ ಅನ್ನು ಒಂದು ರೀಲಿಗೆ ಇಳಿಸಿದ. ರೇಷ್ಮೆ ಗಿರಣಿಯ ಹುಡುಗಿ ಪಿಪ್ಪಾ ತನ್ನ ಒಂದು ದಿನದ ರಜೆಯಲ್ಲಿ ಹಾಡುತ್ತ ಊರಲ್ಲಿ ನಡೆದುಹೋಗುತ್ತಾಳೆ, ಹಾಡು ಕಿವಿಗೆ ಬಿದ್ದವರು ಕೆಟ್ಟ ದಾರಿಯಿಂದ ಹಿಂದೆ ಸರಿಯುತ್ತಾರೆ. ಇದರಲ್ಲಿ ಯಾವುದರ ಅರಿವೂ ಅವಳಿಗಿಲ್ಲ. ಚಿತ್ರ ಆಗ ಹೆಸರಾದದ್ದು ಮುಂಜಾವಿನ ಬೆಳಕು ಹುಡುಗಿಯ ಕೋಣೆಯೊಳಗೆ ಮೆಲ್ಲಗೆ ಹರಡುವ ದೃಶ್ಯಕ್ಕಾಗಿ. ಅಕ್ಟೋಬರ್ 10ರ ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಕುರಿತು ಬರೆಯಿತು. ಚಲನಚಿತ್ರವೊಂದಕ್ಕೆ ಆ ಪತ್ರಿಕೆ ಅಷ್ಟು ಗಮನ ಕೊಡುವುದು ಆಗ ಅಪರೂಪ. ಹಾಡು ಒಳ್ಳೆಯದು, ಆದ್ದರಿಂದ ಕೇಳಿದವರು ಒಳ್ಳೆಯವರಾದರು ಎಂಬ ಸರಳ ಸಮೀಕರಣ ಈ ಎರಡೂ ಚಿತ್ರಗಳ ಬೆನ್ನೆಲುಬು.

ಕನ್ನಡದ ಓದುಗನಿಗೆ ಈ ಸಮೀಕರಣ ತಟ್ಟನೆ ಒಪ್ಪಿಗೆಯಾಗದು. ಏಕೆಂದರೆ ಕನ್ನಡ ಕಾವ್ಯದಲ್ಲಿ ಹಾಡೊಂದು ಕಿವಿಗೆ ಬಿದ್ದು ಬದುಕೇ ತಿರುವಿಕೊಂಡ ಅತ್ಯಂತ ಪ್ರಸಿದ್ಧ ಪ್ರಸಂಗ ಇದಕ್ಕೆ ನೇರ ವಿರುದ್ಧ ದಿಕ್ಕಿನದು.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಮುಗಿಸಿದ. ಕಥೆ ಹೊಸತಲ್ಲ. ಸೋಮದೇವಸೂರಿ 959ರಲ್ಲಿ ‘ಯಶಸ್ತಿಲಕ ಚಂಪು’ವನ್ನೂ, ಆಮೇಲೆ ವಾದಿರಾಜನು ಸಂಸ್ಕೃತದಲ್ಲಿಯೇ ಕಿರಿದಾದ ‘ಯಶೋಧರ ಚರಿತ’ವನ್ನೂ ಬರೆದಿದ್ದರು. ಜನ್ನ ಹಿಡಿದದ್ದು ವಾದಿರಾಜನ ಜಾಡು, ಆರಿಸಿಕೊಂಡ ಛಂದಸ್ಸು ಬಹುಮಟ್ಟಿಗೆ ಕಂದ. ನಾಲ್ಕೇ ಸಾಲಿನ ಪದ್ಯದಲ್ಲಿ ದೃಶ್ಯವೊಂದನ್ನು ಕತ್ತರಿಸಿಟ್ಟಂತೆ ನಿಲ್ಲಿಸಿ ಮುಂದಕ್ಕೆ ಹೋಗುವ ಅವನ ರೀತಿಗೆ ಈ ಚಿಕ್ಕ ಛಂದಸ್ಸು ಬಹಳ ಒದಗಿದೆ.

ಉಜ್ಜಯಿನಿಯ ಅರಸ ಯಶೋಧರ, ರಾಣಿ ಅಮೃತಮತಿ. ರಾತ್ರಿ ಇನ್ನೂ ಹರಿಯದ ಹೊತ್ತಿನಲ್ಲಿ ಆನೆಲಾಯದಿಂದ ಮಾವುತನ ಹಾಡು ಕೇಳಿಬರುತ್ತದೆ. ಪಕ್ಕದಲ್ಲಿ ಅರಸ ಮಲಗಿದ್ದಾನೆ, ರಾಣಿಗೆ ಎಚ್ಚರವಾಗುತ್ತದೆ. ಇಲ್ಲಿ ಜನ್ನ ಮಾಡುವ ಆಯ್ಕೆಯನ್ನು ಗಮನಿಸಬೇಕು. ಹಾಡಿನ ಸಾಹಿತ್ಯ ಯಾವುದು ಎಂದು ಅವನು ಹೇಳುವುದಿಲ್ಲ, ಹಾಡುವವನನ್ನೂ ಆ ಕ್ಷಣದಲ್ಲಿ ತೋರಿಸುವುದಿಲ್ಲ. ಕಾವ್ಯದ ಕಣ್ಣು ಪೂರ್ತಿಯಾಗಿ ಹಾಸಿಗೆಯ ಮೇಲಿನ ಹೆಣ್ಣಿನ ಮೇಲಿದೆ. ಒಳ್ಳೆಯ ಹಾಡು ಕೇಳಿದ ಅರಮನೆಯವರು ಗಾಯಕನಿಗೆ ಪಸಾಯ ಕೊಡುವುದು ವಾಡಿಕೆ. ಅಮೃತಮತಿ ಕೊಟ್ಟ ಪಸಾಯ ಅವಳ ಮನಸ್ಸು. ದರ್ಬಾರಿನ ಶಬ್ದವೊಂದನ್ನು ಮಲಗುವ ಮನೆಗೆ ತಂದು ಜನ್ನ ಇಡೀ ದುರಂತವನ್ನು ಅದರಲ್ಲಿ ತುಂಬಿಬಿಟ್ಟಿದ್ದಾನೆ. ಕಲಾಪೋಷಣೆ ಮತ್ತು ಪತನದ ನಡುವಿನ ಗೆರೆ ಅಷ್ಟು ತೆಳ್ಳಗಿದೆ.

ಬೆಳಗಾದ ಮೇಲೆ ರಾಣಿಯ ಸಖಿ ಹೋಗಿ ಹಾಡುಗಾರನನ್ನು ನೋಡಿಬರುತ್ತಾಳೆ. ಆಗ ಮಾತ್ರ ನಮಗೂ ಅವನು ಕಾಣುವುದು. ಮೈಯೆಲ್ಲ ಡೊಂಕು, ಹೆಸರೇ ಅಷ್ಟಾವಂಕ. ಸಖಿ ಅಸಹ್ಯದಿಂದ ಬಣ್ಣಿಸುತ್ತಾಳೆ, ರಾಣಿಗೆ ಅದು ತಾಗುವುದೇ ಇಲ್ಲ. ಕಿವಿ ಕಟ್ಟಿಕೊಟ್ಟ ರೂಪವನ್ನು ಕಣ್ಣಿನ ಸಾಕ್ಷ್ಯ ಅಲುಗಿಸಲಾರದು. ಗ್ರಿಫಿತ್‌ನ ಮೇಷ್ಟ್ರಿಗೆ ನಾದ ಕೇಳಿದೊಡನೆ ನುಡಿಸುವವಳು ಯಾರೆಂದು ಗೊತ್ತಾಯಿತು, ಗೊತ್ತಾದದ್ದರಿಂದಲೇ ಅವನು ಉಳಿದ. ಅಮೃತಮತಿಗೆ ಹಾಡುವವನು ಯಾರೆಂದು ಗೊತ್ತಿಲ್ಲದೆ ಮನಸ್ಸು ಹೋಯಿತು, ಗೊತ್ತಾದ ಮೇಲೂ ಹಿಂದಿರುಗಲಿಲ್ಲ. ಮುಂದೆ ಅವಳು ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುವುದನ್ನು, ಅವಳು ಅವನನ್ನೇ ಬೇಡಿಕೊಳ್ಳುವುದನ್ನು, ಹಿಂಬಾಲಿಸಿ ಬಂದ ಅರಸ ಮರೆಯಲ್ಲಿ ನಿಂತು ನೋಡುತ್ತಾನೆ. ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಆ ಇರುಳು ಹಾಡಿನ ಸುದ್ದಿಯೇ ಇಲ್ಲ.

ಇಷ್ಟಕ್ಕೆ ನಿಲ್ಲಿಸಿ ‘ಸಂಗೀತ ಕೆಡಿಸಿತು’ ಎಂಬ ತೀರ್ಪು ಕೊಡುವವರಿದ್ದಾರೆ. ಜೈನಕಾವ್ಯ ಇಂದ್ರಿಯಸುಖವನ್ನೆಲ್ಲ ದೂರುತ್ತದೆ, ಆದ್ದರಿಂದ ಹಾಡನ್ನೂ ದೂರಿದೆ ಎಂಬುದು ಅವರ ವಾದದ ಸಾರ. ಆದರೆ ಈ ಕಾವ್ಯದಲ್ಲಿ ಕಿವಿಗೆ ಬೀಳುವುದು ಮಾವುತನ ಹಾಡೊಂದೇ ಅಲ್ಲ. ತಾಯಿ ಚಂದ್ರಮತಿ ದುಃಸ್ವಪ್ನದ ಶಾಂತಿಗೆಂದು ಬಲಿ ಕೊಡಲು ಒತ್ತಾಯಿಸುತ್ತಾಳೆ. ಹಿಂಸೆಗೆ ಒಪ್ಪದ ಯಶೋಧರ ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಬೆಂತರವೊಂದು ಹೊಕ್ಕಿದ್ದ ಆ ಹಿಟ್ಟಿನ ಬೊಂಬೆ ಕತ್ತಿ ಬಿದ್ದೊಡನೆ ಕೂಗುತ್ತದೆ. ಆ ಕೂಗಿನಲ್ಲಿ ಅರಸನಿಗೆ ತನ್ನ ಸಂಕಲ್ಪಹಿಂಸೆ ಕೇಳಿಸುತ್ತದೆ. ರಾಣಿಯ ವಿಷಕ್ಕೆ ತಾಯಿ, ಮಗ ಇಬ್ಬರೂ ಬಲಿಯಾಗಿ, ಪ್ರಾಣಿಜನ್ಮಗಳಲ್ಲಿ ತೊಳಲಿ, ಕೊನೆಗೆ ಎರಡು ಕೋಳಿಗಳಾಗಿ ಹುಟ್ಟುತ್ತಾರೆ. ಅಕಂಪನ ಮುನಿಯು ತಳವಾರ ಚಂಡಕರ್ಮನಿಗೆ ಧರ್ಮವನ್ನು ಹೇಳುವಾಗ ಪಂಜರದ ಕೋಳಿಗಳೂ ಕೇಳುತ್ತವೆ, ಹಿಂದಿನ ಭವಗಳನ್ನು ನೆನೆದು ಸಂತೋಷದಿಂದ ಕೂಗುತ್ತವೆ. ಅದೇ ವೇಳೆಗೆ ಉದ್ಯಾನದಲ್ಲಿದ್ದ ಯಶೋಮತಿ, ಅಂದರೆ ಹಿಂದಿನ ಜನ್ಮದ ಮಗ, ರಾಣಿ ಕುಸುಮಾವಳಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸಲು ಕೂಗು ಬಂದ ಕಡೆಗೆ ಬಾಣ ಬಿಡುತ್ತಾನೆ. ಕೋಳಿಗಳು ಸಾಯುತ್ತವೆ, ಕುಸುಮಾವಳಿಯ ಬಸಿರಲ್ಲಿಯೇ ಅವಳಿಗಳಾಗಿ, ಅಭಯರುಚಿ, ಅಭಯಮತಿಯರಾಗಿ ಹುಟ್ಟುತ್ತವೆ.

ಹೀಗೆ ನೋಡಿದರೆ ‘ಯಶೋಧರ ಚರಿತೆ’ ದನಿ ಮತ್ತು ಕಿವಿಯ ಕಾವ್ಯ. ಒಂದೇ ಒಂದು ಕೋಳಿಕೂಗನ್ನು ತೆಗೆದುಕೊಳ್ಳಿ. ಕೂಗಿದ ಕೋಳಿಗಳಿಗೆ ಅದು ಜಾತಿಸ್ಮರಣೆಯ ಹರ್ಷ, ಕೇಳಿದ ಯಶೋಮತಿಗೆ ಅದು ಗುರಿ. ಒಬ್ಬರ ಬಿಡುಗಡೆಯ ಆರಂಭ ಇನ್ನೊಬ್ಬನಿಗೆ ಬಿಲ್ಲುವಿದ್ಯೆಯ ಪ್ರದರ್ಶನ. ಶಬ್ದದಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಜನ್ನನಿಗೆ ಸಂಗೀತದ ಮೇಲೆ ಹಗೆಯಿದ್ದಿದ್ದರೆ ಮಾವುತನ ಹಾಡನ್ನು ಅಷ್ಟು ಇಂಪಾಗಿ ಮಾಡುವ ಅಗತ್ಯವೇ ಇರಲಿಲ್ಲ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿದಾಗ ಮಾವುತನ ದನಿ ರಂಗದ ಮೇಲೆ ನಿಜವಾಗಿ ಕೇಳಿಸಬೇಕಾಯಿತು. ಕೇಳಿಸಿದ ಕ್ಷಣವೇ ಸಭಿಕ ಅದನ್ನು ಅಳೆಯುತ್ತಾನೆ: ಇಷ್ಟಕ್ಕೆ ರಾಣಿ ಸೋತಳೆ? ತಾಳೆಗರಿಗೂ ಮೂಕಚಿತ್ರಕ್ಕೂ ಈ ಇಕ್ಕಟ್ಟಿಲ್ಲ. ಅಲ್ಲಿ ಹಾಡು ಪ್ರತಿಯೊಬ್ಬ ಓದುಗನಿಗೂ ಅವನವನ ಅಳತೆಯಷ್ಟು ಇಂಪಾಗಿರುತ್ತದೆ.

ಕನ್ನಡನಾಡಿನ ಮೂಕಚಿತ್ರಕ್ಕೂ ಇಂತಹ ಒಂದು ನಂಟು ಇದೆ. 1930ರ ಆಸುಪಾಸಿನಲ್ಲಿ ಮೋಹನ ಭವನಾನಿ ಶೂದ್ರಕನ ‘ಮೃಚ್ಛಕಟಿಕ’ವನ್ನು ‘ವಸಂತಸೇನಾ’ ಎಂಬ ಮೂಕಚಿತ್ರವಾಗಿ ಮೈಸೂರು ಸೀಮೆಯಲ್ಲಿ ಚಿತ್ರೀಕರಿಸಿದರು. ಟಿ. ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ, ಏಣಾಕ್ಷಿ ರಾಮರಾವ್ ಅದರಲ್ಲಿ ಪಾತ್ರ ವಹಿಸಿದರು. ಮೂಲ ನಾಟಕದ ಮೂರನೆಯ ಅಂಕದಲ್ಲಿ ಚಾರುದತ್ತ ರೇಭಿಲನ ಹಾಡು ಕೇಳಿ ನಡುರಾತ್ರಿ ಮನೆಗೆ ಬರುತ್ತಾನೆ, ಇನ್ನೂ ಅದರ ಗುಂಗಿನಲ್ಲಿದ್ದಾನೆ. ಜೊತೆಗೆ ಅದೇ ಹಾಡನ್ನು ಕೇಳಿ ಬಂದ ಮೈತ್ರೇಯನಿಗೆ ಗಂಡಸು ಮೆಲುದನಿಯಲ್ಲಿ ಹಾಡುವುದೇ ನಗೆಪಾಟಲು. ಒಂದೇ ಗಾನ, ಒಂದೇ ಇರುಳು, ಎರಡು ಕಿವಿ. ಮಾತಿನ ಚಿತ್ರ ಕನ್ನಡಕ್ಕೆ ಬಂದದ್ದು 1934ರ ‘ಸತಿ ಸುಲೋಚನ’ದೊಡನೆ. ಅಲ್ಲಿಂದಾಚೆಗೆ ಹಾಡು ಪರದೆಯ ಮೇಲೆ ತಾನೇ ಹಾಡಿಕೊಳ್ಳತೊಡಗಿತು, ಕೇಳುಗನ ಮುಖಕ್ಕೆ ಇದ್ದ ಹಳೆಯ ಪ್ರಾಮುಖ್ಯ ತಗ್ಗಿತು.

ಜನ್ನನಿಗಿಂತ ಎರಡೂವರೆ ಶತಮಾನಕ್ಕೂ ಹಿಂದೆ, 941ರಲ್ಲಿ, ಪಂಪ ‘ಆದಿಪುರಾಣ’ದಲ್ಲಿ ಇದೇ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ತೆರೆದಿದ್ದ. ವೃಷಭನಾಥನಿಗೆ ವೈರಾಗ್ಯ ಹುಟ್ಟುವ ಕಾಲ ಬಂದಿದೆ, ಆದರೆ ಅವನು ರಾಜ್ಯಭೋಗದಲ್ಲಿದ್ದಾನೆ. ದೇವೇಂದ್ರ ಅವನ ಸಭೆಗೆ ಆಯುಷ್ಯ ತೀರುತ್ತ ಬಂದ ಅಪ್ಸರೆ ನೀಲಾಂಜನೆಯನ್ನು ನರ್ತಿಸಲು ಕಳಿಸುತ್ತಾನೆ. ಗೀತ, ವಾದ್ಯ, ನೃತ್ಯ ಒಂದಾಗಿ ಸಭೆ ಮೈಮರೆತಿರುವಾಗ ಅವಳು ಮಿಂಚಿನಂತೆ ಇಲ್ಲವಾಗುತ್ತಾಳೆ. ರಸಭಂಗವಾಗದಂತೆ ಇಂದ್ರ ಆ ಕ್ಷಣದಲ್ಲೇ ಅವಳಂಥದೇ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಲಯ ತಪ್ಪುವುದಿಲ್ಲ, ಸಭೆಗೆ ಏನೂ ತಿಳಿಯುವುದಿಲ್ಲ. ತಿಳಿಯುವುದು ವೃಷಭನೊಬ್ಬನಿಗೆ.

ಸಿನಿಮಾ ಚರಿತ್ರೆ ಓದಿದವರಿಗೆ ಈ ಯುಕ್ತಿ ಅಪರಿಚಿತವಲ್ಲ. 1896ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆ ಕುರ್ಚಿಯ ಮೇಲೆ ಕುಳಿತ ಮಹಿಳೆಯೊಬ್ಬಳನ್ನು ಕ್ಯಾಮೆರಾ ನಿಲ್ಲಿಸಿ ಮಾಯಮಾಡಿ, ಮತ್ತೆ ಓಡಿಸಿ, ನೋಡುಗರನ್ನು ಬೆರಗುಗೊಳಿಸಿದ. ಮೆಲಿಯೆಗೆ ಬೇಕಾಗಿದ್ದುದು ಎಲ್ಲರೂ ಬೆರಗಾಗುವುದು. ಇಂದ್ರನಿಗೆ ಬೇಕಾಗಿದ್ದುದು ಒಬ್ಬನ ಹೊರತು ಯಾರಿಗೂ ಗೊತ್ತಾಗದಿರುವುದು. ಇದಕ್ಕೂ ಮೊದಲು ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದ್ದ ಕಥೆ ಇದು. ಮಥುರೆಯ ಕಂಕಾಳಿ ಟೀಲಾದಲ್ಲಿ ದೊರೆತು ಈಗ ಲಕ್ನೋ ಸಂಗ್ರಹಾಲಯದಲ್ಲಿರುವ ಪ್ರಾಚೀನ ಶಿಲಾಫಲಕವೊಂದರಲ್ಲಿಯೂ ವಿದ್ವಾಂಸರು ನೀಲಾಂಜನೆಯ ನೃತ್ಯವನ್ನು ಗುರುತಿಸಿದ್ದಾರೆ. ಅಂದರೆ ಈ ನೃತ್ಯವೂ ಮೊದಲು ಕಲ್ಲಿನಲ್ಲಿ ಮೂಕವಾಗಿಯೇ ನಡೆದಿರಬೇಕು. ಸಂಗೀತ ಜೈನಕಾವ್ಯಕ್ಕೆ ಬರಿಯ ಬಲೆಯಾಗಿದ್ದರೆ ತೀರ್ಥಂಕರನ ವೈರಾಗ್ಯಕ್ಕೆ ಅದನ್ನೇ ನಿಮಿತ್ತವಾಗಿಸುವ ಸಾಹಸವನ್ನು ಪುರಾಣಕಾರರು ಮಾಡುತ್ತಿರಲಿಲ್ಲ. ಇಡೀ ಸಭೆ ಕೇಳಿದ್ದು ವೃಷಭ ಕೇಳಿದ ಸಂಗೀತವನ್ನೇ. ಸಭೆ ಮನೆಗೆ ಹೋಯಿತು, ಅವನು ಕಾಡಿಗೆ ಹೋದ.

ಇದರ ಹಿಂದೆ ಗಟ್ಟಿಯಾದ ತತ್ತ್ವವಿಚಾರವಿದೆ. ವೈಶೇಷಿಕರಿಗೆ ಶಬ್ದ ಆಕಾಶದ ಗುಣ. ‘ತತ್ತ್ವಾರ್ಥಸೂತ್ರ’ದ ಐದನೆಯ ಅಧ್ಯಾಯ ಅದನ್ನು ಪುದ್ಗಲದ ಪರ್ಯಾಯವೆಂದು ಎಣಿಸುತ್ತದೆ. ನೆರಳು, ಬೆಳಕು, ಬಿಸಿಲಿನಂತೆ ಶಬ್ದವೂ ಜಡದ ಒಂದು ಅವಸ್ಥೆ. ಅದು ಗೋಡೆಗೆ ತಾಗುತ್ತದೆ, ಕಿವಿಗೆ ಬಡಿಯುತ್ತದೆ. ಕನ್ನಡನಾಡಿನವರೇ ಆದ ಪೂಜ್ಯಪಾದರು ಆ ಸೂತ್ರಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ಯಲ್ಲಿ ಮನುಷ್ಯಪ್ರಯತ್ನದಿಂದ ಹುಟ್ಟುವ, ಭಾಷೆಯಲ್ಲದ ಶಬ್ದವನ್ನು ತತ, ವಿತತ, ಘನ, ಸೌಷಿರ ಎಂದು ವಿಂಗಡಿಸುತ್ತಾರೆ. ಚರ್ಮವಾದ್ಯ, ತಂತಿವಾದ್ಯ, ತಾಳ ಮತ್ತು ಗಂಟೆ, ಕೊಳಲು ಮತ್ತು ಶಂಖ. ಭರತನ ಪರಿಭಾಷೆಯಲ್ಲಿ ತತ ಎಂದರೆ ತಂತಿವಾದ್ಯ, ಇಲ್ಲಿ ಅದು ಚರ್ಮವಾದ್ಯ. ಸಂಗೀತಶಾಸ್ತ್ರ ಓದಿದ ವಿದ್ಯಾರ್ಥಿಗಳು ಈ ವ್ಯತ್ಯಾಸದಲ್ಲಿ ಎಡವದಿರಬೇಕು. ನಾದ ಜಡವಾದರೆ ರಾಗದ್ವೇಷಗಳು ನಾದದಲ್ಲಿರಲಾರವು. ಅವು ಕೇಳುವ ಜೀವದ ಮೋಹನೀಯ ಕರ್ಮದ ಉದಯ. ಕನ್ನಡದ ‘ರಾಗ’ ಎಂಬ ಶಬ್ದವೇ ಎರಡನ್ನೂ ಹೊತ್ತಿದೆ, ಹಾಡಿನ ರಾಗವನ್ನೂ ಮನಸ್ಸಿನ ಅಂಟನ್ನೂ. ಶಬ್ದ ಒಂದೆಂದು ವಸ್ತುವೂ ಒಂದೆಂದು ಬಗೆದದ್ದು ಅಮೃತಮತಿಯ ಕೇಡು.

ದಿವ್ಯಧ್ವನಿಯ ಕಲ್ಪನೆ ಈ ವಿಚಾರದ ಶಿಖರ. ದಿಗಂಬರ ಪರಂಪರೆಯಂತೆ ಸಮವಸರಣದಲ್ಲಿ ಜಿನನಿಂದ ಹೊರಡುವುದು ಅಕ್ಷರರೂಪವಿಲ್ಲದ ಧ್ವನಿ. ಮನುಷ್ಯ, ದೇವ, ತಿರ್ಯಂಚ, ಎಲ್ಲರೂ ಅದನ್ನು ತಂತಮ್ಮ ಭಾಷೆಯಲ್ಲಿ ಅರಿಯುತ್ತಾರೆ. ಭಾರತದ ಮೂಕಚಿತ್ರಗಳಲ್ಲಿ ಎರಡು ಮೂರು ಭಾಷೆಗಳಲ್ಲಿ ಬರೆದ ಫಲಕಗಳನ್ನು ತೋರಿಸುತ್ತಿದ್ದುದು ಇಲ್ಲಿ ಯಾರಿಗಾದರೂ ನೆನಪಾದರೆ ತಪ್ಪಿಲ್ಲ, ಆದರೆ ಸಮವಸರಣದಲ್ಲಿ ಫಲಕ ಬರೆಯುವವನು ಕೇಳುಗನೊಳಗೇ ಇದ್ದಾನೆ.

ಐಹೊಳೆಯ ಬೆಟ್ಟ ಈ ಮಾತಿಗೆ ದೂರದ್ದಲ್ಲ. ಬೆಟ್ಟದ ಮೇಲಿನ ಮೇಗುತಿಯಲ್ಲಿ ರವಿಕೀರ್ತಿ ಶಕ 556ರಲ್ಲಿ, ಅಂದರೆ ಕ್ರಿ.ಶ. 634-35ರಲ್ಲಿ, ಜಿನಾಲಯ ಕಟ್ಟಿಸಿ, ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಬರೆದು, ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡ. ಅದೇ ಬೆಟ್ಟದ ತಪ್ಪಲಿನ ಗುಹೆ ಮೇಣಬಸದಿಯ ಮೊಗಸಾಲೆಯಲ್ಲಿ ಪಾರ್ಶ್ವನಾಥ ಮತ್ತು ಬಾಹುಬಲಿ ನಿಂತಿದ್ದಾರೆ. ಪಾರ್ಶ್ವನ ಮೇಲೆ ಕಮಠ ಎರಗುತ್ತಿದ್ದಾನೆ, ಧರಣೇಂದ್ರ ಹೆಡೆಯೆತ್ತಿದ್ದಾನೆ, ಪದ್ಮಾವತಿ ಕೊಡೆ ಹಿಡಿದಿದ್ದಾಳೆ. ಈ ನಾಗದಂಪತಿ ಹಿಂದೆ ಉರಿಯುವ ಕೊರಡಿನೊಳಗೆ ಸಾಯುತ್ತಿದ್ದ ಹಾವುಗಳು, ಕುಮಾರ ಪಾರ್ಶ್ವ ಹೇಳಿದ ಪಂಚನಮಸ್ಕಾರವನ್ನು ಕೇಳಿ ದೇವಗತಿ ಪಡೆದವರು ಎಂದು ಪರಂಪರೆ ಹೇಳುತ್ತದೆ. ಹಾವುಗಳಿಗೆ ಪದಗಳ ಅರ್ಥ ತಿಳಿದಿತ್ತೆ ಎಂದು ಯಾವ ಪುರಾಣಕಾರನೂ ಕೇಳಲಿಲ್ಲ. ಆ ಶಿಲ್ಪದಲ್ಲಿ ಬಿರುಗಾಳಿಯ ಆರ್ಭಟವೆಲ್ಲ ಕಮಠನ ಭಂಗಿಯಲ್ಲಿದೆ. ಪಾರ್ಶ್ವನ ಮುಖಕ್ಕೆ ಅದು ತಲುಪಿದ ಗುರುತಿಲ್ಲ. ರಾವಣಫಡಿಯ ಮಾತೃಕೆಯರು ನಾದಕ್ಕೆ ಮೈಯೊಪ್ಪಿಸಿದ ಕೇಳುಗರಾದರೆ, ಇಲ್ಲಿ ನಿಂತವನು ಕೇಳಿಯೂ ಅಲುಗದವನು. ಒಂದೇ ಊರಿನ ಒಂದೇ ಕಾಲದ ಉಳಿಗಳು ಎರಡನ್ನೂ ಬಲ್ಲವು.

ಕೇಳುಗರ ಮಾತಾಯಿತು. ಹಾಡಿದವರ ಗತಿಯೇನು? ಪಿಪ್ಪಾ ದಿನದ ಕೊನೆಗೆ ತನ್ನ ಕೋಣೆಗೆ ಮರಳುತ್ತಾಳೆ, ಮಾರನೆಯ ದಿನ ಮತ್ತೆ ಗಿರಣಿ. ನೀಲಾಂಜನೆಯ ಸಾವಿಗೆ ಸಭೆಯಲ್ಲಿ ಒಂದು ಕ್ಷಣದ ಮೌನವೂ ಸಿಗಲಿಲ್ಲ. ಅಷ್ಟಾವಂಕ ಆನೆಲಾಯದಲ್ಲಿ ಹಾಡಿದ್ದು ರಾಣಿಗೆ ಕೇಳಿಸಲೆಂದಲ್ಲ, ಅವನ ಕಲೆ ಯಾರ ಲೆಕ್ಕಕ್ಕೂ ಬಾರದ್ದು. ಆದರೆ ಐಹೊಳೆಯಿಂದ ಸುಮಾರು 14 ಕಿ.ಮೀ. ದೂರದ ಪಟ್ಟದಕಲ್ಲಿನಲ್ಲಿ ಇನ್ನೊಬ್ಬ ರಾಣಿಯ ದಾಖಲೆಯಿದೆ. ಎರಡನೆಯ ವಿಕ್ರಮಾದಿತ್ಯನ ಪಟ್ಟದರಸಿ ಲೋಕಮಹಾದೇವಿ, ಪತಿಯ ಕಂಚಿಯ ವಿಜಯದ ನೆನಪಿಗೆ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ದೇವಾಲಯ ಇಂದಿನ ವಿರೂಪಾಕ್ಷ. ಅಲ್ಲಿನ ಹಳಗನ್ನಡ ಶಾಸನವೊಂದು ಅವಳು ಈ ನಾಡಿನ ಗಂಧರ್ವರಿಗೆ, ಅಂದರೆ ಹಾಡುಗಾರರಿಗೆ, ಹಿಂದೆ ವಿಜಯಾದಿತ್ಯನು ಕೊಟ್ಟಿದ್ದ ಕಟ್ಟುಪಾಡು, ಹಕ್ಕುಗಳನ್ನು ಸ್ಥಿರಪಡಿಸಿದಳೆಂದು ಹೇಳುತ್ತದೆ. ಗಂಧರ್ವರು ಏನು ಹಾಡುತ್ತಿದ್ದರು, ಯಾವ ರಾಗದಲ್ಲಿ, ರಾಣಿಗೆ ಅದರಲ್ಲಿ ಯಾವುದು ಮೆಚ್ಚು, ಶಾಸನ ಒಂದನ್ನೂ ಹೇಳುವುದಿಲ್ಲ. ಹಕ್ಕು ಯಾರದು, ಕೊಟ್ಟವರು ಯಾರು, ಉಳಿಸಿದವರು ಯಾರು ಎಂಬಷ್ಟನ್ನು ಅಚ್ಚುಕಟ್ಟಾಗಿ ಕೊರೆದು ನಿಲ್ಲಿಸಿದೆ.